ತಗಡು ದನಿಯನ್ನು ಕಾಯ್ದ ಬೈಂಡರಕ್ಕ

ಗ್ರಂಥಾಲಯದ ಕಸ ಗುಡಿಸುವವರೂ ಇನ್ನೂ ಬಂದಿಲ್ಲ. ಕಿಟಕಿಯ ಗಾಜಿಗೆ ಆಗಷ್ಟೇ ಬೆಳಕು ತಾಗುತ್ತಿದೆ. ಓದುಕೋಣೆಯ ಗೋಡೆಬದಿಯ ಮೇಜಿನಡಿ ಹೆಂಗಸೊಬ್ಬರು ಮಂಡಿಯೂರಿ ಕೂತು, ಪುಸ್ತಕಕ್ಕೆ ಅಂಟು ಬಳಿಯುವ ಬ್ರಷ್ಷಿನಿಂದ ಹಳೆಯ ಕಂಪ್ಯೂಟರೊಂದರ ಫ್ಯಾನಿನ ಧೂಳು ತೆಗೆಯುತ್ತಿದ್ದಾರೆ. "ಇದು ಗೊರಗೊರ ಅಂದ್ರೆ ನನ್ನ ಕಥೆ ಮುಗೀತು. ಅಜ್ಜಿ ಕಿವಿ ಎಂಥದ್ದು ಅಂತ ನಿಮಗೆ ಗೊತ್ತಿಲ್ಲ" ಎನ್ನುತ್ತಾರೆ, ತಲೆಯೆತ್ತದೆ.

ಇಲ್ಲಿ ಎಲ್ಲರ ಬಾಯಲ್ಲೂ ಇವರು ಬೈಂಡರಕ್ಕ. ಕೆಲಸಕ್ಕೆ ಸೇರಿದ್ದು ಹರಿದ ಪುಸ್ತಕಗಳಿಗೆ ರಟ್ಟು ಹಾಕಲು. ಬೈಂಡಿಂಗ್ ವಿಭಾಗ ಮುಚ್ಚಿದಾಗ ಮನೆಗೆ ಕಳಿಸುತ್ತಾರೆಂದೇ ಹೆದರಿದ್ದರಂತೆ. ಕಳಿಸಲಿಲ್ಲ, ಕಂಪ್ಯೂಟರ್ ಕೋಣೆಯ ಬೀಗದ ಕೈ ಕೊಟ್ಟರು. "ಮೊದಮೊದಲು ಮೌಸ್ ಹಿಡಿಯೋಕೂ ಬರ್ತಿರಲಿಲ್ಲ. ಆಮೇಲೆ ನೋಡಿದ್ರೆ ಮೌಸೇ ಬೇಡ, ಬರೆದು ಹೇಳಿದ್ರೆ ಸಾಕು, ತಾನೇ ಮಾಡುತ್ತೆ!" ಆ ಬೆರಗು ಇನ್ನೂ ಅವರ ಕಣ್ಣಲ್ಲಿ ಆರಿಲ್ಲ.

ಬರೆದು ಹೇಳುವುದೆಂದರೆ ಇಷ್ಟೇ. ಕಪ್ಪು ಪರದೆಯಲ್ಲಿ ಒಂದು ಸಾಲಿನ ಆಜ್ಞೆ ಕೊಟ್ಟರೆ, ಪ್ಯಾಕೇಜ್ ಮ್ಯಾನೇಜರ್ ಎಂಬುದು ಕಂಪ್ಯೂಟರಿನಲ್ಲಿರುವ ತಂತ್ರಾಂಶಗಳ ಪೈಕಿ ಯಾವುದು ಹಳತಾಗಿದೆ, ಯಾವುದಕ್ಕೆ ಹೊಸ ಆವೃತ್ತಿ ಬಂದಿದೆ ಎಂದು ಹುಡುಕಿ ಮುಂದಿಡುತ್ತದೆ. ಒಂದು ಬರಲು ಇನ್ನೊಂದನ್ನು ಕಿತ್ತುಹಾಕಬೇಕಿದ್ದರೆ ಅದನ್ನೂ ತಿಳಿಸಿ, ಮುಂದುವರಿಯಲೇ ಎಂದು ಕೇಳುತ್ತದೆ. ಬಹಳ ಮಂದಿ ಕಣ್ಣು ಹಾಯಿಸದೆ ಹೂಂ ಅಂದುಬಿಡುತ್ತಾರೆ. ಬೈಂಡರಕ್ಕ ಆ ಹೊತ್ತಿಗೆ ಎರಡೂ ಕೈಗಳನ್ನು ಮಡಿಲಿಗೆಳೆದುಕೊಂಡು, ಅಕ್ಕಿಯಲ್ಲಿ ಕಲ್ಲು ಆರಿಸುವವರ ಹಾಗೆ ಪರದೆಗೆ ಬಾಗುತ್ತಾರೆ. "ಕೈ ಕೀಲಿ ಮೇಲಿದ್ರೆ ಅದರ ಪಾಡಿಗೆ ಒತ್ತಿಬಿಡುತ್ತೆ. ಬರೋದು ಏನಾದ್ರೂ ಬರಲಿ, ಹೋಗೋದೇನು ಅಂತ ನೋಡ್ಬೇಕು."

ಹಾಗೆ ನೋಡುವಾಗಲೇ ಕಳೆದ ವಾರ ಅವರ ಕಣ್ಣು ಒಂದು ಸಾಲಿನಲ್ಲಿ ನಿಂತಿತು. ಹೊರಗಿನ ಕಳ್ಳರು ನೆಟ್‌ವರ್ಕ್ ಮೂಲಕ ಕಂಪ್ಯೂಟರಿನೊಳಕ್ಕೆ ನುಸುಳಬಹುದಾದ ಕಿಂಡಿಯೊಂದನ್ನು ಮುಚ್ಚುವ ಹೊಸ ಆವೃತ್ತಿ ಬಂದಿತ್ತು. ಅದಕ್ಕಾಗಿ ಕಿತ್ತುಹಾಕಬೇಕಿದ್ದದ್ದು ಒಂದು ದನಿಯನ್ನು! ಪುಸ್ತಕಗಳನ್ನು ಓದಿ ಹೇಳುವ ತಂತ್ರಾಂಶದ ಹಳೆಯ, ತಗಡು ಬಡಿದಂಥ ದನಿ ಅದು. ಇಡೀ ಗ್ರಂಥಾಲಯದಲ್ಲಿ ಅದನ್ನು ಕೇಳುವವರು ಒಬ್ಬರೇ, ಟೆಲಿಫೋನ್ ಅಜ್ಜಿ.

ಅಜ್ಜಿ ಒಂದು ಕಾಲದಲ್ಲಿ ಟೆಲಿಫೋನ್ ಆಪರೇಟರ್. ಈಗ ಕಣ್ಣು ಕಾಣದು. ದಿನಾ ಬಾಗಿಲು ತೆಗೆಯುತ್ತಲೇ ಬಂದು, ಹೆಡ್‌ಫೋನ್ ಏರಿಸಿ, ಬೇರೆಯವರಿಗೆ ಬರೀ ಗೊಣಗಾಟವಾಗಿ ಕೇಳುವಷ್ಟು ವೇಗದಲ್ಲಿ ಕಾದಂಬರಿ ಓದಿಸಿಕೊಳ್ಳುತ್ತಾರೆ. ಅದರ ಬದಲು ಬಂದ, ಮನುಷ್ಯರಂತೆ ಏರಿಳಿತದಲ್ಲಿ ಓದುವ ಹೊಸ ದನಿಯನ್ನು ಉಳಿದವರೆಲ್ಲ ಬಾಯ್ತುಂಬ ಹೊಗಳಿದರೂ ಅಜ್ಜಿ ಸುತರಾಂ ಒಪ್ಪಲಿಲ್ಲ. ಒಮ್ಮೆ ಹಾಕಿ ತೋರಿಸಿದಾಗ ಅರ್ಧ ಪುಟಕ್ಕೇ ಹೆಡ್‌ಫೋನ್ ಕಿತ್ತಿಟ್ಟಿದ್ದರು. "ಇವಳು ನಟನೆ ಮಾಡ್ತಾಳೆ ಕಣೇ. ನಂಗೆ ಓದಿದ್ರೆ ಸಾಕು. ಅಳೋದು ನಗೋದು ನಾನೇ ಮಾಡ್ಕೋತೀನಿ." ಆಮೇಲೆ ಎಷ್ಟೋ ದಿನ ಈ ಕಡೆ ತಲೆ ಹಾಕಲಿಲ್ಲ.

ಅಂದಿನಿಂದ ಬೈಂಡರಕ್ಕ ಆ ಹಳೆಯ ದನಿಯ ಪ್ಯಾಕೇಜ್ ಬದಲಾಗದಂತೆ ತಡೆಹಿಡಿದಿದ್ದರು. ಆದರೆ ತಡೆ ತೆಗೆಯದೆ ಕಿಂಡಿ ಮುಚ್ಚುವಂತಿಲ್ಲ. ಒಬ್ಬರಿಗೋಸ್ಕರ ಎಲ್ಲರನ್ನೂ ಅಪಾಯಕ್ಕೆ ಒಡ್ಡಲಾಗದು ಎಂದರು ಗ್ರಂಥಪಾಲಕರು. "ಸಾರ್ ಹೇಳಿದ್ದು ಸರಿನೇ. ಆದ್ರೆ ಅಜ್ಜಿ ಓದೇ ನಿಂತುಹೋಗುತ್ತಲ್ಲ." ಮನೆಯಲ್ಲಿ ಊಟಕ್ಕೆ ಕೂತಾಗಲೂ ಅದೇ ಚಿಂತೆ. ಮೆಕ್ಯಾನಿಕ್ ಆಗಿರುವ ಗಂಡ ಎಲ್ಲ ಕೇಳಿಸಿಕೊಂಡು, "ರಸ್ತೆಗೇ ಇಳಿಸದ ಗಾಡಿಗೆ ಗುದ್ದೋರು ಯಾರೇ?" ಎಂದು ನಕ್ಕರಂತೆ. ಬೈಂಡರಕ್ಕನ ತುತ್ತು ಕೈಯಲ್ಲೇ ಉಳಿಯಿತು.

ಹೌದಲ್ಲ! ನೆಟ್‌ವರ್ಕ್ ತಂತಿಯೇ ಇಲ್ಲದ ಕಂಪ್ಯೂಟರಿಗೆ ಹೊರಗಿನವರು ನುಸುಳುವುದಾದರೂ ಎಲ್ಲಿಂದ? ಗ್ರಂಥಪಾಲಕರೂ ಹೂಂ ಎಂದರು. ಮೂಲೆ ಸೇರಿದ್ದ ಈ ಹಳೆಯ ಪೆಟ್ಟಿಗೆಗೆ ಬೈಂಡರಕ್ಕ ಹಳೆಯ ದನಿಯನ್ನು ತುಂಬಿ ಅಜ್ಜಿಯ ಮೇಜಿನಡಿ ಇಟ್ಟಿದ್ದಾರೆ. ಅಜ್ಜಿಯ ಕುರ್ಚಿ, ಕೀಲಿಮಣೆ, ಹೆಡ್‌ಫೋನ್ ಎಲ್ಲ ಇದ್ದಲ್ಲೇ ಇವೆ. ಇನ್ನು ಮೇಲೆ ಅಜ್ಜಿಯ ಪುಸ್ತಕಗಳನ್ನು ಪೆನ್‌ಡ್ರೈವ್‌ನಲ್ಲಿ ತಂದು ಹಾಕಬೇಕು. "ಅಷ್ಟೇ ತಾನೇ? ಮೊದಲೂ ಪುಸ್ತಕ ಹೊತ್ಕೊಂಡೇ ಓಡಾಡ್ತಿದ್ದೆ."

ಉಳಿದ ಕಂಪ್ಯೂಟರುಗಳಿಗೆಲ್ಲ ಹೊಸ ಆವೃತ್ತಿ ಹಾಕಿಯಾಗಿದೆ. ಇಷ್ಟು ದಿನ ಅಜ್ಜಿಯ ಮೇಜಿನಡಿ ಇದ್ದ ಪೆಟ್ಟಿಗೆಯೊಂದೇ ಬಾಕಿ. ಬೈಂಡರಕ್ಕ ಅದನ್ನು ಪಕ್ಕದ ಮೇಜಿಗೆ ಜೋಡಿಸಿ ಆಜ್ಞೆ ಕೊಡುತ್ತಾರೆ. ಪರದೆ ಕೇಳುತ್ತದೆ. ಕೈ ಮಡಿಲಲ್ಲೇ ತುಸು ಹೊತ್ತು ಕೂತಿರುತ್ತದೆ, ಆಮೇಲೆ ಎದ್ದು ಹೂಂ ಎನ್ನುತ್ತದೆ. ಇನ್ನು ಆ ದನಿ ಉಳಿದಿರುವುದು ಅಜ್ಜಿಯ ಮೇಜಿನಡಿ ಮಾತ್ರ.

ಗ್ರಂಥಾಲಯದ ಬಾಗಿಲು ತೆರೆಯುತ್ತದೆ. ಅಜ್ಜಿ ಬಂದು ಕೂತು ಹೆಡ್‌ಫೋನ್ ಏರಿಸುತ್ತಾರೆ. ಬೈಂಡರಕ್ಕ ಬ್ರಷ್ ಹಿಡಿದುಕೊಂಡೇ ಹಿಂದೆ ನಿಂತಿದ್ದಾರೆ. ಅಜ್ಜಿಯ ಮುಖದಲ್ಲಿ ಏನೂ ತಿಳಿಯುವುದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಒಮ್ಮೆಗೇ ಕಿಸಕ್ಕನೆ ನಗುತ್ತಾರೆ. ಪೇಪರ್ ಓದುತ್ತಿದ್ದವರು ತಿರುಗಿ ನೋಡುತ್ತಾರೆ.

ಅಜ್ಜಿ ಒಂದು ಕಿವಿಯಿಂದ ಹೆಡ್‌ಫೋನ್ ಸರಿಸಿ ಹಿಂದಕ್ಕೆ ವಾಲುತ್ತಾರೆ. "ನೀನೇ ಅಲ್ವೇನೇ ನಿಂತಿರೋದು? ಇವತ್ತು ಏನೋ ಬದಲಾಯಿಸ್ತೀನಿ ಅಂದಿದ್ಯಲ್ಲ, ಮಾಡೋದಿದ್ರೆ ಬೇಗ ಮಾಡು ತಾಯಿ. ಕಥೆ ಒಳ್ಳೇ ಘಟ್ಟಕ್ಕೆ ಬಂದಿದೆ."

"ಆಗಲೇ ಮುಗೀತು ಅಜ್ಜಿ. ನೀವು ಓದಿ."