ಕೈಹಿಡಿ ತೆಗೆದ ಕಾರು

ಉರ್ವದ ಶಶಿಪ್ರಭಾ ಒಂದು ಹೈಸ್ಕೂಲಿನಲ್ಲಿ ಆಟದ ಟೀಚರಾಗಿದ್ದವರು. ಆರು ವರ್ಷದ ಹಿಂದೆ ಟೆರೇಸಿನ ಪಾಚಿಯಲ್ಲಿ ಜಾರಿ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದಿಂದ ಕೆಳಗೆ ಮುಟ್ಟಿದರೂ ಗೊತ್ತಾಗುವುದಿಲ್ಲ. ಎರಡು ವರ್ಷ ಮಲಗಿಯೇ ಕಳೆದ ಮೇಲೆ ತಮ್ಮ ಜಿತೇಶನೇ ಹಠ ಹಿಡಿದು ಗೇರಿಲ್ಲದ ಕಾರು ತರಿಸಿದ. ಕೂಳೂರಿನ ಮೆಕ್ಯಾನಿಕ್ ಬಾಸಿತ್ ಕಾಲಿನ ಕೆಲಸಕ್ಕೆ ಅದಕ್ಕೊಂದು ಕೈಹಿಡಿ ಕೂಡಿಸಿದ: ಒತ್ತಿದರೆ ಬ್ರೇಕ್, ಎಳೆದರೆ ವೇಗ. ಹಂಪನಕಟ್ಟೆಯ ಬಸ್ಸುಗಳ ನಡುವೆ ಅಕ್ಕ ಹೆದರಿ ಕಾರು ನಿಲ್ಲಿಸಿದಾಗ ಪಕ್ಕದಲ್ಲಿ ಕೂತು, "ನಾನುಂಟಲ್ಲ, ನೀನು ಹೋಗು" ಎಂದವನೂ ಅವನೇ.

ಆಮೇಲೆ ಶಶಿಪ್ರಭಾ ವಾರಕ್ಕೆ ನಾಲ್ಕು ದಿನ ಒಬ್ಬರೇ ಕೂಳೂರು ಸೇತುವೆ ದಾಟಿ ಹೋಗಿ ಪಣಂಬೂರಿನ ಹುಡುಗಿಯರಿಗೆ ಥ್ರೋಬಾಲ್ ಹೇಳಿಕೊಡತೊಡಗಿದರು.

ಕಳೆದ ಮೇ ತಿಂಗಳಲ್ಲಿ ಕೂತು ಕೂತು ಸೊಂಟದ ಕೆಳಗೆ ಒತ್ತಿ ಗಾಯವಾಗಿ, ಮೂರು ವಾರ ಆಸ್ಪತ್ರೆಯಲ್ಲಿ ಬೋರಲು ಮಲಗಬೇಕಾಯಿತು. ಜಿತೇಶ್ ದಿನವೂ ಗಂಜಿ ತರುತ್ತಿದ್ದ. ಗಾಯ ಮಾಗಿದ ಮೇಲೆ ಮೊದಲು ಎಲ್ಲಿಗೆ ಹೋಗುವುದು ಎಂದು ಅಕ್ಕ ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದ.

ಮಾಗಿದ ಮೇಲೆ ಒಂದು ಬೆಳಿಗ್ಗೆ ಶಶಿಪ್ರಭಾ ಗಾಲಿಕುರ್ಚಿಯಿಂದ ಹಲಗೆಯ ಮೇಲೆ ಜಾರಿ ಕಾರಿನ ಸೀಟಿಗೆ ಬಂದರು. ಎಡಗೈ ಚಾಚಿದರೆ ಏನೂ ಸಿಗಲಿಲ್ಲ. ಕೈಹಿಡಿ ಇದ್ದಲ್ಲಿ ನಾಲ್ಕು ಸ್ಕ್ರೂ ತೂತು ಮಾತ್ರ ಇತ್ತು.

"ಎಂತ ಆಯ್ತು ಇದಕ್ಕೆ?"

"ತೆಗೆಸಿದೆ ಅಕ್ಕ," ಗೇಟಿನ ಹತ್ತಿರವಿದ್ದ ಜಿತೇಶ್ ಹೇಳಿದ. "ಪುನಃ ಗಾಯ ಆದ್ರೆ? ಎಲ್ಲಿಗೆ ಬೇಕಾದ್ರೂ ನಾನು ಕರ್ಕೊಂಡು ಹೋಗ್ತೇನೆ."

"ನನ್ನತ್ರ ಕೇಳ್ಬಹುದಿತ್ತಲ್ಲ."

"ಕೇಳಿದ್ರೆ ನೀನು ಒಪ್ತಿರ್ಲಿಲ್ಲ."

ಅವರು ಬಾಸಿತ್‌ಗೆ ಫೋನು ಮಾಡಿದರು.

"ನೀವೇ ಹೇಳಿ ಕಳ್ಸಿದ್ದು ಅಂದ್ರಲ್ಲ ನಿಮ್ಮ ತಮ್ಮ, ಟೀಚರೆ," ಎಂದ ಬಾಸಿತ್. "ಇನ್ನು ಓಡಿಸ್ಲಿಕ್ಕೆ ಧೈರ್ಯ ಇಲ್ಲ ಅಂತ ನೀವು ಅತ್ತಿರಂತೆ. ಸಾಮಾನು ಇಲ್ಲೇ ಉಂಟು. ಬಿಸಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ."

ತೆಗೆಸಿದ್ದನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ತಾನು ಅಳದ ಅಳುವನ್ನು ತಮ್ಮ ಬೇರೆಯವರೆದುರು ಹೇಳಿ ಬಂದದ್ದು ಮಾತ್ರ ಶಶಿಪ್ರಭಾರ ಗಂಟಲಲ್ಲೇ ಉಳಿಯಿತು.

ಮರುದಿನ ಬಾಸಿತ್ ಬಂದು ಕೈಹಿಡಿ ಮತ್ತೆ ಕೂಡಿಸಿದ. ಈಗ ಅವರು ದಾರಿಯಲ್ಲಿ ಒಮ್ಮೆ ಕಾರು ನಿಲ್ಲಿಸಿ, ತೋಳಿನ ಬಲದಿಂದ ಮೈಯೆತ್ತಿ ಸೀಟಿನ ಒತ್ತಡ ಇಳಿಸಿ ಮುಂದೆ ಹೋಗುತ್ತಾರೆ. ಜಿತೇಶ್ ಈಗಲೂ ಅದೇ ಮನೆಯ ಮಹಡಿಯಲ್ಲೇ ಇದ್ದಾನೆ. ಗ್ಯಾಸು, ನೀರಿನ ಮಾತಷ್ಟೇ ನಡೆಯುತ್ತದೆ. ಒಂದು ದಿನ ಅವನು ಕಾರಿನ ಬಾಗಿಲಿಗೆ ಕೈಯಿಟ್ಟು, "ನಾನೂ ಬರ್ಲಾ, ಕೊಟ್ಟಾರದವರೆಗೆ?" ಎಂದ.

"ಬಸ್ಸುಂಟು," ಎಂದರು ಶಶಿಪ್ರಭಾ.

ಬೇರೆ ಯಾರಾದರೂ ಮಾಡಿದ್ದರೆ ಇಷ್ಟು ಹೊತ್ತಿಗೆ ಮರೆಯುತ್ತಿದ್ದರೋ ಏನೋ. ತಮ್ಮದೇ ಅಂಗಳದಲ್ಲಿ ನಿಂತ ಕಾರಿಗೂ ಈಗ ಬೀಗ ಹಾಕುತ್ತಾರೆ.