ನರ್ಸಕ್ಕನ ಪಾಸ್‌ಪೋರ್ಟು

ಹೋದ ತಿಂಗಳು ನಮ್ಮ ಮನೆಯ ಗೇಟಿಗೆ ಬಣ್ಣ ಹೊಡೆಸಿದೆವು. ಕಪ್ಪು ಎಣ್ಣೆಬಣ್ಣ. ಬಣ್ಣದವನು ಡಬ್ಬಿಗೆ ಟರ್ಪೆಂಟೈನ್ ಸುರಿದು ಕಡ್ಡಿಯಿಂದ ಕಲಕಿದ್ದೇ ತಡ, ಆ ಘಾಟು ಅಡುಗೆಮನೆಯವರೆಗೂ ಬಂತು. ಒಗ್ಗರಣೆಯ ಎಣ್ಣೆ ಹೊಗೆಯಾಡುತ್ತಿದ್ದರೂ ನಾನು ಸೌಟು ಹಿಡಿದು ಸುಮ್ಮನೆ ನಿಂತಿದ್ದೆ. ನ್ಯಾಮತಿಯ ಒಂದು ಜಗಲಿ, ಅದರ ಮೇಲೆ ಬಿಸಿಲಿಗೆ ಒಣಗಲಿಟ್ಟ ಮೂರು ತಗಡಿನ ಟ್ರಂಕು, ಹಸಿ ಬಣ್ಣದ ಮೇಲೆ ನೊಣ ಕೂರದ ಹಾಗೆ ಬೀಸಣಿಗೆ ಆಡಿಸುತ್ತ ಕುಳಿತ ನರ್ಸಕ್ಕ...

ಊರವರೆಲ್ಲ ಅವರನ್ನು ನರ್ಸಮ್ಮ ಅನ್ನುತ್ತಿದ್ದರು. ನರ್ಸಕ್ಕ ಅನ್ನುತ್ತಿದ್ದವಳು ನಾನೊಬ್ಬಳೇ. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಮದುವೆಯಾಗಿ ಚನ್ನಗಿರಿಯಿಂದ ನ್ಯಾಮತಿಗೆ ಬಂದಿದ್ದೆ. ನಮ್ಮ ಯಜಮಾನರದು ಪೇಟೆಯಲ್ಲಿ ಜವಳಿ ಅಂಗಡಿ. ಒಂದೇ ಉದ್ದ ಮನೆಗೆ ನಡುವೆ ಗೋಡೆ ಹಾಕಿ ಎರಡು ಮಾಡಿದ್ದರು. ಈ ಕಡೆ ನಾವು, ಆ ಕಡೆ ನರ್ಸಕ್ಕ, ಅವರ ಗಂಡ, ಇಬ್ಬರು ಮಕ್ಕಳು. ಅವರು ಊರಿನ ಆಸ್ಪತ್ರೆಯ ನರ್ಸು, ಮನೆ ಮನೆಗೂ ಹೋಗಿ ಹೆರಿಗೆ ಮಾಡಿಸುತ್ತಿದ್ದರು. ಗಂಡ ಸ್ಕೂಲಿನ ಮೇಷ್ಟ್ರು, ಜಗಳೂರಿನ ಕಡೆಯವರು. ಭಾನುವಾರ ಬೆಳಿಗ್ಗೆ ನಾಲ್ವರೂ ಇಸ್ತ್ರಿ ಬಟ್ಟೆ ಹಾಕಿಕೊಂಡು ಹೊನ್ನಾಳಿ ಬಸ್ಸು ಹತ್ತಿ ಚರ್ಚಿಗೆ ಹೋಗುತ್ತಿದ್ದರು. ಬರುವಾಗ ನನಗೆಂದು ಎಲೆಯಲ್ಲಿ ಕಟ್ಟಿದ ಮಲ್ಲಿಗೆ ತರುತ್ತಿದ್ದರು. ಅವರು ಮುಡಿಯುತ್ತಿರಲಿಲ್ಲ.

ನನ್ನ ಮೊದಲ ಹೆರಿಗೆ ತವರಲ್ಲಿ ಆಯಿತು. ಕೂಸು ಉಳಿಯಲಿಲ್ಲ. ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಂಡಿದ್ದು ಹೆರಿಗೆ ಮಾಡಿಸಿದವರಿಗೆ ತಿಳಿಯಲಿಲ್ಲವಂತೆ. ಹದಿನೈದು ದಿನಕ್ಕೆ ಬರಿಗೈಯಲ್ಲಿ ನ್ಯಾಮತಿಗೆ ಬಂದೆ. ಎದೆಯಲ್ಲಿ ಹಾಲು ಕಟ್ಟಿ ಕಲ್ಲಾಗಿತ್ತು. ಅತ್ತೆಗೆ ಹೇಳಲು ನಾಚಿಕೆ. ನರ್ಸಕ್ಕ ನನ್ನ ಮುಖ ನೋಡಿಯೇ ತಿಳಿದುಕೊಂಡರು. ಬಾಗಿಲು ಮುಂದೆ ಮಾಡಿ, ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಕಾವು ಕೊಟ್ಟು, ಹಾಲು ಹಿಂಡಿ, ತಮ್ಮದೇ ಹಳೆಯ ಸೀರೆಯ ತುಂಡಿನಿಂದ ಬಿಗಿಯಾಗಿ ಕಟ್ಟಿದರು. ನಾನು ಅತ್ತದ್ದು ಅವತ್ತೇ ಮೊದಲು.

“ಮುಂದಿನ ಸಲ ನೀನು ಎಲ್ಲಿಗೂ ಹೋಗ್ಬ್ಯಾಡ,” ಅಂದರು. “ನನ್ನ ಕೈಯಾಗೇ ಆಗ್ಲಿ.”

ಮರುವರ್ಷ ಅವರ ಮನೆಗೆ ಒಂದು ಕಾಗದ ಬಂತು. ಆಫ್ರಿಕಾದಲ್ಲಿ, ಯಾವುದೋ ದೊಡ್ಡ ಸರೋವರದ ದಂಡೆಯ ಊರಿನಲ್ಲಿ, ಮಿಷನ್ನಿನವರ ಒಂದು ಶಾಲೆ, ಒಂದು ಸಣ್ಣ ಆಸ್ಪತ್ರೆ ಇತ್ತಂತೆ. ಶಾಲೆಗೆ ಮೇಷ್ಟ್ರು ಬೇಕು, ಆಸ್ಪತ್ರೆಗೆ ನರ್ಸ್ ಬೇಕು. ಗಂಡ ಹೆಂಡತಿ ಇಬ್ಬರೂ ಒಂದು ವಾರ ಪ್ರಾರ್ಥನೆ ಮಾಡಿ ಒಪ್ಪಿಕೊಂಡರು. ನಮ್ಮ ಅತ್ತೆಗೆ ಅದು ಅರ್ಥವೇ ಆಗಲಿಲ್ಲ. “ಇಲ್ಲೇನು ಕಡಿಮೆ ಆಗೈತಮ್ಮ ನಿಮಗೆ?” ಎಂದು ಕೇಳಿದರು. “ಇಲ್ಲಿ ನಮಗೇನೂ ಕಡಿಮೆ ಇಲ್ಲ ದೊಡ್ಡಮ್ಮ. ಅಲ್ಲಿ ಅವ್ರಿಗೆ ಕಡಿಮೆ ಐತಂತೆ,” ಅಂದರು ನರ್ಸಕ್ಕ.

ಅಲ್ಲಿಂದ ಆ ಮನೆಯಲ್ಲಿ ತಯಾರಿಯೋ ತಯಾರಿ. ಆ ದೇಶದ ಮಾತನ್ನು ಚೀಟಿಗಳಲ್ಲಿ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿದರು. ಅಲ್ಲಿ ನೀರಿಗೆ ‘ಮಾಜಿ’ ಅನ್ನುತ್ತಾರಂತೆ. ನಮ್ಮ ಯಜಮಾನರು ಅದನ್ನು ಕೇಳಿ, ಊರಿನ ಮಾಜಿ ಅಧ್ಯಕ್ಷರನ್ನು ಅಲ್ಲಿಗೆ ಕಳಿಸಿದರೆ ಕುಡಿದೇಬಿಡುತ್ತಾರೆ ಎಂದು ನಗಾಡಿದರು. ಅಲ್ಲಿಯ ಊಟ ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಎಂದು ವಾರಕ್ಕೆರಡು ದಿನ ಅದನ್ನೇ ಮಾಡಿ ಉಣ್ಣುತ್ತಿದ್ದರು. ಆ ದಿನಗಳಲ್ಲಿ ಮಕ್ಕಳಿಬ್ಬರೂ ಊಟದ ಹೊತ್ತಿಗೆ ಸರಿಯಾಗಿ ನಮ್ಮ ಹಿತ್ತಿಲಲ್ಲಿ ಆಡಲು ಬರುತ್ತಿದ್ದರು. ಶಿವಮೊಗ್ಗಕ್ಕೆ ಹೋಗಿ ಚುಚ್ಚುಮದ್ದು ಹಾಕಿಸಿಕೊಂಡು, ಊದಿದ ತೋಳು ಹಿಡಿದು ಬಂದರು. ತಗಡಿನವನ ಹತ್ತಿರ ಮೂರು ಟ್ರಂಕು ಮಾಡಿಸಿ, ಮೇಷ್ಟ್ರೇ ಬಣ್ಣ ಬಳಿದು, ಮೇಲೆ ಬಿಳಿ ಅಕ್ಷರದಲ್ಲಿ ಹೆಸರು ಬರೆದರು.

ನಾನು ಆಗ ನಾಲ್ಕು ತಿಂಗಳ ಬಸುರಿ. ಅವರು ಹೊರಡುವ ಹೊತ್ತಿಗೆ ನನಗೆ ಆರು ತುಂಬುತ್ತಿತ್ತು. ಹೆರಿಗೆಗೆ ಮತ್ತೂ ಮೂರು ತಿಂಗಳು. ಗೋಡೆಯ ಆಚೆ ಟ್ರಂಕಿನ ಚಿಲಕ ಸದ್ದಾದಾಗಲೆಲ್ಲ ಇನ್ನೆಷ್ಟು ದಿನ ಎಂದು ಬೆರಳು ಮಡಚಿ ಎಣಿಸುತ್ತಿದ್ದೆ.

ನರ್ಸಕ್ಕ ಮರೆತಿರಲಿಲ್ಲ. ಒಂದು ದಿನ ತಾವಾಗಿಯೇ ಬಂದು ಕೂತು, “ಹೊನ್ನಾಳಿ ಆಸ್ಪತ್ರೇಲಿ ನನ್ನ ಜೊತೆಗೆ ಓದಿದಾಕಿ ಅದಾಳೆ. ನಿನ್ನ ವಿಷಯ ಎಲ್ಲಾ ಹೇಳೀನಿ. ನನಗಿಂತ ಚೆನ್ನಾಗಿ ನೋಡ್ತಾಳೆ. ಹೆದರ್ಕೆ ಆಗ್ತೈತಾ?” ಎಂದು ಕೇಳಿದರು.

“ಇಲ್ಲ ಬಿಡ್ರಕ್ಕ,” ಎಂದೆ ನಾನು. ನಕ್ಕೆ ಕೂಡ.

ಮೇಷ್ಟ್ರ ಪಾಸ್‌ಪೋರ್ಟು ಜಗಳೂರಿನ ವಿಳಾಸದಿಂದ ಮೊದಲೇ ಬಂದಿತ್ತು. ನರ್ಸಕ್ಕನದಕ್ಕೆ ನ್ಯಾಮತಿಯಿಂದ ಅರ್ಜಿ ಹಾಕಿದ್ದರು. ಮಕ್ಕಳಿಬ್ಬರ ಹೆಸರನ್ನೂ ಅದರಲ್ಲೇ ಸೇರಿಸಿದ್ದರು. ಅದಕ್ಕಾಗಿ ಒಂದು ಮಧ್ಯಾಹ್ನ ಪೊಲೀಸು ಪೇದೆಯೊಬ್ಬ ಸೈಕಲ್ಲಿನಲ್ಲಿ ವಿಚಾರಣೆಗೆ ಬಂದ. ಪಕ್ಕದ ಮನೆಗೆ ಬೀಗ. ನರ್ಸಕ್ಕ ಡ್ಯೂಟಿಗೆ ಹೋಗಿದ್ದರು, ಮೇಷ್ಟ್ರು ಶಾಲೆಗೆ. ನಮ್ಮ ಅತ್ತೆ ಒಳಗೆ ಮಲಗಿದ್ದರು. ನಾನು ಮಜ್ಜಿಗೆ ಕೊಟ್ಟೆ. ಆತ ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದು, ತೊಡೆಯ ಮೇಲೆ ಕಾಗದ ಹರಡಿಕೊಂಡ.

“ಪಕ್ಕದ ಮನೆಯೋರು ಹೆಂಗಮ್ಮ? ಏನಾದ್ರೂ ತಕರಾರು ಐತಾ?”

“ಇಲ್ಲ. ಒಳ್ಳೆಯೋರು.”

“ಊರೂರು ತಿರುಗಿ ಜನಾನ ತಮ್ಮ ಜಾತಿಗೆ ಸೇರ್ಸೋದು, ಅಂಥದ್ದೇನಾದ್ರೂ ಮಾಡ್ತಾರಾ? ನಿಮ್ಮ ಕಿವಿಗೆ ಬಿದ್ದೈತಾ?”

ಇಲ್ಲ ಅನ್ನಬೇಕಿತ್ತು. ಅಂಥದ್ದೇನನ್ನೂ ನಾನು ಕಂಡಿರಲಿಲ್ಲ, ಕೇಳಿರಲಿಲ್ಲ. ಬಾಯಿಗೆ ಬಂದಿದ್ದ ‘ಇಲ್ಲ’ ಅಲ್ಲೇ ನಿಂತಿತು. ಈ ಕಾಗದ ಸ್ವಲ್ಪ ತಡವಾದರೆ... ಮೂರು ತಿಂಗಳು, ಹೆಚ್ಚೆಂದರೆ ನಾಲ್ಕು... ಯಾರಿಗೂ ಏನೂ ನಷ್ಟವಿಲ್ಲ...

“ಮನೆ ಮನೆಗೆ ಹೋಗ್ತಾರೆ,” ಎಂದೆ. “ಕೇರಿಗೂ ಹೋಗ್ತಾರೆ, ಹಳ್ಳಿಗೂ ಹೋಗ್ತಾರೆ. ಒಳಗೆ ಏನು ಮಾತಾಡ್ತಾರೋ ನಮಗೆ ಹೆಂಗೆ ಗೊತ್ತಾಗ್ಬೇಕು.”

ಪೇದೆ ತಲೆಯೆತ್ತಿ ಒಮ್ಮೆ ನನ್ನನ್ನು ನೋಡಿ, ಬರೆದುಕೊಂಡ. ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನರ್ಸಕ್ಕ ಮನೆ ಮನೆಗೆ ಹೋಗುತ್ತಿದ್ದುದು ನಿಜ. ಹೆರಿಗೆ ಚೀಲ ಹಿಡಿದು ಹೋಗುತ್ತಿದ್ದರು ಎನ್ನುವುದನ್ನಷ್ಟೇ ನಾನು ಹೇಳಲಿಲ್ಲ. ಆತ ಲೋಟ ಕೆಳಗಿಟ್ಟು, “ಮಜ್ಜಿಗೆ ಚೆನ್ನಾಗೈತೆ,” ಎಂದು ಸೈಕಲ್ ಹತ್ತಿದ.

ಪಾಸ್‌ಪೋರ್ಟು ಬರಲಿಲ್ಲ. ಮರುವಿಚಾರಣೆ ಆಗಬೇಕೆಂದು ಕಾಗದ ಬಂತು. ಮೇಷ್ಟ್ರು ನಾಲ್ಕೈದು ಸಲ ಶಿವಮೊಗ್ಗಕ್ಕೆ, ಎರಡು ಸಲ ಬೆಂಗಳೂರಿಗೆ ಅಲೆದರು. ಅಲ್ಲಿ ಶಾಲೆ ಶುರುವಾಗುವ ದಿನ ಹತ್ತಿರ ಬಂದಿತ್ತು. ಕೊನೆಗೆ ಅವರೊಬ್ಬರೇ ಹೊರಡುವುದು, ಪಾಸ್‌ಪೋರ್ಟು ಬಂದ ಮೇಲೆ ನರ್ಸಕ್ಕ ಮಕ್ಕಳನ್ನು ಕರೆದುಕೊಂಡು ಹೋಗುವುದು ಎಂದು ಗೊತ್ತಾಯಿತು. ಮೂರು ಟ್ರಂಕಿನಲ್ಲಿ ಎರಡನ್ನು ಮತ್ತೆ ಬಿಚ್ಚಿದರು. ಮೇಷ್ಟ್ರು ಬಸ್ಸು ಹತ್ತುವಾಗ ನನ್ನ ಹೊಟ್ಟೆಯ ಕಡೆ ನೋಡಿ, “ಆದದ್ದು ಒಳ್ಳೇದಕ್ಕೇ ಆಯ್ತು ಕಣಮ್ಮ. ಇವಳು ನಿನ್ನ ಹೆರಿಗೆ ಮುಗಿಸ್ಕೊಂಡೇ ಬರ್ಲಿ,” ಎಂದರು.

ಮೂರು ತಿಂಗಳಿಗೆ ನನಗೆ ನೋವು ಬಂತು. ಈ ಕೂಸಿಗೂ ಬಳ್ಳಿ ಸುತ್ತಿಕೊಂಡಿತ್ತು. ನರ್ಸಕ್ಕ ಬೆರಳು ತೂರಿಸಿ ಬಳ್ಳಿಯನ್ನು ತಲೆಯ ಮೇಲಿಂದ ದಾಟಿಸಿದರು. ನೀಲಿಯಾಗಿದ್ದ ಕೂಸಿನ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟರು. ಎಷ್ಟು ಹೊತ್ತೋ... ಆಮೇಲೆ ಅಳು ಕೇಳಿಸಿತು. “ಹೆಣ್ಣು,” ಎಂದು ಅದನ್ನು ನನ್ನ ಎದೆಯ ಮೇಲಿಟ್ಟಾಗ ಅವರೂ ಅಳುತ್ತಿದ್ದರು. ಪೇದೆಗೆ ನಾನು ಹೇಳಿದ ಮಾತು ಅವತ್ತು ನನಗೆ ಸರಿಯೆಂದೇ ತೋರಿತು. ಇದನ್ನು ಮುಚ್ಚಿಡಬಾರದೆಂದು ಬರೆಯುತ್ತಿದ್ದೇನೆ.

ಮರುವಿಚಾರಣೆಗೆ ಯಾರೂ ಬರಲಿಲ್ಲ. ಮೇಷ್ಟ್ರ ನೀಲಿ ಕಾಗದಗಳು ಬರುತ್ತಿದ್ದವು. ನರ್ಸಕ್ಕ ನನ್ನ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತ ಅವುಗಳಲ್ಲಿದ್ದುದನ್ನು ಹೇಳುತ್ತಿದ್ದರು. ಸರೋವರಕ್ಕೆ ಆಚೆ ದಂಡೆಯೇ ಕಾಣುವುದಿಲ್ಲವಂತೆ. ಹುಡುಗರು ಮೇಷ್ಟ್ರಿಂದ ಕನ್ನಡದ ಲೆಕ್ಕ ಕಲಿತು ಒಂದು, ಎರಡು ಅನ್ನುತ್ತಾರಂತೆ. ಆಸ್ಪತ್ರೆಗೆ ಇನ್ನೂ ಯಾರೂ ಬಂದಿಲ್ಲವಂತೆ, ನರ್ಸಕ್ಕನಿಗಾಗಿಯೇ ಕಾಯುತ್ತಿದ್ದಾರಂತೆ.

ನನ್ನ ಮಗಳು ತೆವಳಲು ಕಲಿತ ಹೊತ್ತಿಗೆ ತಂತಿ ಬಂತು. ಜ್ವರ ತಲೆಗೇರಿ ಮೇಷ್ಟ್ರು ತೀರಿಹೋಗಿದ್ದರು. ಅಲ್ಲೇ ಮಣ್ಣು ಮಾಡಿದ್ದರು. ಆಮೇಲೆ ಬಂದ ಉದ್ದನೆಯ ಕಾಗದದಿಂದ ಎಲ್ಲ ತಿಳಿಯಿತು. ನಾಲ್ಕು ದಿನ ಮಲಗಿದ್ದರಂತೆ. ಔಷಧಿ ಅದೇ ಆಸ್ಪತ್ರೆಯ ಬೀರುವಿನಲ್ಲಿತ್ತಂತೆ. ಜ್ವರ ಯಾವುದೆಂದು ಗುರುತಿಸಿ, ಎಷ್ಟು ಕೊಡಬೇಕೆಂದು ತಿಳಿದು, ಚುಚ್ಚಿ ಕೊಡುವವರು ಇರಲಿಲ್ಲ. ನರ್ಸ್ ಜಾಗ ಖಾಲಿ ಇತ್ತು.

ನರ್ಸಕ್ಕ ಆ ಕಾಗದವನ್ನು ನನಗೆ ಓದಿ ಹೇಳಿ, ಮಡಚಿ, “ಊರಾಗಿನ ಎಲ್ಲರ ಮಗ್ಗುಲಾಗೂ ಕುಂತೀನಿ. ಅವ್ರ ಮಗ್ಗುಲಾಗೆ ಕುಂಡ್ರಾಕೆ ಆಗ್ಲಿಲ್ಲ ನೋಡು,” ಅಂದರು. ನಾನು ಮಗುವಿಗೆ ಹಾಲು ಕೊಡಬೇಕೆಂದು ನೆಪ ಹೇಳಿ ಎದ್ದು ಬಂದೆ.

ಇನ್ನು ಅವರು ಎಲ್ಲಿಗೂ ಹೋಗುವುದಿಲ್ಲ ಎಂದೇ ಎಲ್ಲರೂ ತಿಳಿದೆವು. ಜಗಳೂರಿನ ಭಾವಂದಿರು ಬಂದು ಮಕ್ಕಳನ್ನು ತಮ್ಮಲ್ಲಿ ಬಿಡು ಎಂದರು. ಚರ್ಚಿನವರೂ ಸಾಕು ಎಂದರು. ಮೇಷ್ಟ್ರು ಹೋಗಿ ವರ್ಷ ತುಂಬಿದ ಮೇಲೆ ಅವರು ಯಾರ ಮಾತನ್ನೂ ಕೇಳದೆ ಮತ್ತೆ ಅರ್ಜಿ ಹಾಕಿದರು. ಈ ಸಲ ಬೇರೆ ಪೇದೆ ಬಂದ. ಆತ ಕೇಳದಿದ್ದರೂ ನಾನೇ ಹೇಳಿದೆ, ಆತನ ಕೈ ಹಿಡಿದು ಬೇಡುವುದೊಂದು ಬಾಕಿ. ಅಂಥ ಹೆಂಗಸು ಈ ಸೀಮೆಯಲ್ಲೇ ಇಲ್ಲ ಎಂದೆ. ಒಂದೂವರೆ ತಿಂಗಳಿಗೆ ಪಾಸ್‌ಪೋರ್ಟು ಬಂತು. ಅಷ್ಟು ಸಲೀಸಾದ ಕೆಲಸ ಅದು.

ಹೊರಡುವ ಹಿಂದಿನ ದಿನ ಸಂಜೆ, ಖಾಲಿ ಮನೆಯನ್ನು ಗುಡಿಸಿ ಇಬ್ಬರೂ ಹೊಸಿಲ ಮೇಲೆ ಕೂತೆವು. ಎರಡು ವರ್ಷ ದಾಟಿದ್ದ ನನ್ನ ಮಗಳು ಅವರ ಸೆರಗು ಬಿಡುತ್ತಿರಲಿಲ್ಲ.

“ಮೊದಲ ಸಲ ಯಾರೋ ನಮ್ಮ ಓಣಿಯೋರೇ ಏನೋ ಹೇಳ್ಯಾರಂತೆ,” ಅಂದರು ನರ್ಸಕ್ಕ. “ಆಫೀಸಿನಾಗೆ ನಮ್ಮನೆಯೋರಿಗೆ ಅಂದಿದ್ರಂತೆ. ಯಾರು ಅಂತ ಹೇಳ್ಲಿಲ್ಲ.”

ನಾನು ಮಗಳ ಕೈಯಿಂದ ಅವರ ಸೆರಗು ಬಿಡಿಸತೊಡಗಿದೆ.

“ಹಂಗೆ ಹೇಳಿದೋರನ್ನ ದ್ವೇಷ ಮಾಡಾಕೆ ನನಗೆ ಆಗ್ಲಿಲ್ಲ. ಆದ್ರೆ ಅವ್ರಿಗಾಗಿ ಪ್ರಾರ್ಥನೆ ಮಾಡಾಕೂ ಆಗ್ಲಿಲ್ಲ. ದಿನಾ ಮಂಡಿಯೂರ್ತೀನಿ. ಅಲ್ಲಿಗೆ ಬಂದು ನಿಂತು ಬಿಡ್ತೈತೆ ಮಾತು.”

“ಅಕ್ಕಾ...” ಎಂದೆ. ಅವರು ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಸಂಶಯದ ಒಂದು ಗೆರೆಯೂ ಇರಲಿಲ್ಲ. ಇದ್ದಿದ್ದರೆ ಹೇಳಿಬಿಡುತ್ತಿದ್ದೆನೇನೋ. “ಅಕ್ಕಾ, ಕಾಗದ ಬರೀರಿ,” ಎಂದೆ.

ಬರೆದರು. ಎರಡು ಕಾಗದ ಬಂದವು. ಮೇಷ್ಟ್ರ ಸಮಾಧಿ ಆಸ್ಪತ್ರೆಯ ಕಿಟಕಿಯಿಂದಲೇ ಕಾಣುತ್ತದೆ, ನಿನ್ನ ಮಗಳು ಹೇಗಿದ್ದಾಳೆ, ಅಂತ. ನಾನು ಉತ್ತರ ಬರೆಯಲು ಕೂರುತ್ತಿದ್ದೆ. ‘ನಾವೆಲ್ಲ ಕ್ಷೇಮ’ ಎನ್ನುವಲ್ಲಿಗೆ ಪೆನ್ನು ನಿಲ್ಲುತ್ತಿತ್ತು. ಆಮೇಲೆ ಅವರೂ ಬರೆಯಲಿಲ್ಲ. ನಾವೂ ನ್ಯಾಮತಿ ಬಿಟ್ಟು ಹೊನ್ನಾಳಿಗೆ ಬಂದೆವು...

ಗೇಟಿಗೆ ಬಣ್ಣ ಹೊಡೆದ ಮರುದಿನ ನಾನು ಇದೇ ಊರಿನ ಚರ್ಚಿಗೆ ಹೋದೆ. ಇಷ್ಟು ವರ್ಷ ಅದರ ಮುಂದೆಯೇ ಓಡಾಡಿದರೂ ಒಳಗೆ ಕಾಲಿಟ್ಟಿರಲಿಲ್ಲ. ಅಲ್ಲಿದ್ದ ವಯಸ್ಸಾದ ಹೆಂಗಸೊಬ್ಬರಿಗೆ ನರ್ಸಕ್ಕ ಗೊತ್ತಿತ್ತು. ತೀರಿಹೋಗಿ ಬಹಳ ವರ್ಷವಾಯಿತಂತೆ. ಕೊನೆಯವರೆಗೂ ಅಲ್ಲೇ ಇದ್ದರಂತೆ. ಗಂಡನ ಪಕ್ಕದಲ್ಲೇ ಮಣ್ಣಾದರಂತೆ. ಮಕ್ಕಳ ವಿಳಾಸ ಅವರಿಗೂ ತಿಳಿಯದು.

ದಸರಾ ರಜೆಗೆ ಮಗಳು ಬಂದಿದ್ದಳು. ಅವಳಿಗೆ ಎಲ್ಲವನ್ನೂ ಹೇಳಿದೆ, ಮಜ್ಜಿಗೆ ಕೊಟ್ಟಿದ್ದರಿಂದ ಹಿಡಿದು. ಬೈಯುತ್ತಾಳೆ ಅಂದುಕೊಂಡಿದ್ದೆ. ಇಲ್ಲವೇ, ಎಲ್ಲ ನನಗಾಗಿ ತಾನೇ ಎಂದು ಸಮಾಧಾನ ಹೇಳುತ್ತಾಳೆ ಎಂದು. ಅವಳು ಎರಡೂ ಮಾಡಲಿಲ್ಲ.

“ಅಮ್ಮಾ, ಹೆದರಿಕೆ ಆಗ್ತೈತಾ ಅಂತ ಅವರೇ ಬಂದು ಕೇಳಿದ್ರಲ್ಲ,” ಎಂದಳು. “ನೀನು ‘ಹೌದಕ್ಕ, ಮೂರು ತಿಂಗಳು ಇದ್ದು ಹೋಗ್ರಿ’ ಅಂದಿದ್ರೆ ಅವರು ಇರ್ತಿರ್ಲಿಲ್ವಾ?”

ಆಗ ಪೇದೆಗೂ ‘ಇಲ್ಲ’ ಅಂದಿರುತ್ತಿದ್ದೆ, ಪಾಸ್‌ಪೋರ್ಟು ಕೈಯಲ್ಲಿರುತ್ತಿತ್ತು. ಹೆರಿಗೆ ಮುಗಿಸಿ, ಮೂರನೆಯ ದಿನವೇ ಮಕ್ಕಳನ್ನು ಕರೆದುಕೊಂಡು ವಿಮಾನ ಹತ್ತಿರುತ್ತಿದ್ದರು. ಜ್ವರ ಬಂದಾಗ ಮೇಷ್ಟ್ರ ಮಗ್ಗುಲಲ್ಲಿ ಇರುತ್ತಿದ್ದರು... ನಲವತ್ತು ವರ್ಷಗಳಲ್ಲಿ ಒಂದು ಸಲವೂ ನನಗೆ ಇದು ಹೊಳೆದಿರಲಿಲ್ಲ.

“ಇರ್ತಿದ್ರು,” ಎಂದೆ.