ಬಿಸಿ ಹೊರಹೋಗುವ ದಾರಿ

ಮೊನ್ನೆ ರವಿವಾರ ಜಲನಗರದ ಮನೆಯಿಂದ ಸ್ಕೂಟರ್ ಮೇಲೆ ಹೊರಟವನು ಗೋಳಗುಮ್ಮಟದ ಎದುರು ವಾಹನಗಳ ನಡುವೆ ಸಿಕ್ಕಿಕೊಂಡೆ. ಮುಂದೆ ಹಳೆಯ ಜೀಪೊಂದು ಬಾನೆಟ್ ತೆರೆದು ಉಗಿ ಬಿಡುತ್ತ ನಿಂತಿತ್ತು. ಇಂಜಿನ್ ತಣಿಸುವ ಕೂಲಂಟ್ ರೇಡಿಯೇಟರಿನಲ್ಲಿ ಕುದ್ದ ವಾಸನೆ ನಿಮಗೂ ಗೊತ್ತಿರಬೇಕು. ಪಾಕಕ್ಕೆ ಬಂದ ಬೆಲ್ಲದಂಥ ಸಿಹಿ, ಅದರ ಹಿಂದೆಯೇ ಕಾದ ರಬ್ಬರಿನ ಘಾಟು. ಸುತ್ತಲಿನವರೆಲ್ಲ ಹಾರ್ನ್ ಹೊಡೆದು ಬೈಯುತ್ತಿದ್ದರೆ ನನಗೆ ರವೆಯ ಶಿರಾ ನೆನಪಾಗಿ ಬಾಯಲ್ಲಿ ನೀರೂರಿತು. ಮರುಗಳಿಗೆ ಮೊಬೈಲ್ ತೆಗೆದು ನೋಡಿಕೊಂಡೆ. ಬೆಳಿಗ್ಗೆ ಬರಬೇಕಿದ್ದ ಅಕ್ಕನ ಫೋನ್ ಇನ್ನೂ ಬಂದಿರಲಿಲ್ಲ. ಇದರ ಹಿಂದೆ ಒಂದು ವಿಮಾನದ ಕಥೆಯಿದೆ. ಹೇಗೂ ಜೀಪು ಅಲುಗುವಂತಿಲ್ಲ, ನಿಂತು ಕೇಳಿ.

ನಮ್ಮ ಮಾಮಾ, ಅಂದರೆ ಅಕ್ಕನ ಗಂಡ, ಹರೆಯದಲ್ಲಿ ಬಬಲೇಶ್ವರದಲ್ಲಿ ಪಂಪ್‌ಸೆಟ್ ಇಂಜಿನ್ ರಿಪೇರಿ ಮಾಡುತ್ತಿದ್ದವರು. ಆಮೇಲೆ ತಿಕೋಟಾದಲ್ಲಿ ದ್ರಾಕ್ಷಿ ತೋಟ, ನಮ್ಮ ಕಡೆಯ ಮಾತಿನಲ್ಲಿ ಪಡ, ಹಚ್ಚಿದರು, ಕೈ ಹತ್ತಿತು, ಹಟ ಹಿಡಿದು ವಿಮಾನ ನಡೆಸುವುದನ್ನೂ ಕಲಿತು ಬಂದರು. ವಯಸ್ಸು ಐವತ್ತು ದಾಟಿದ ಮೇಲೆ ಕೆಲವರಿಗೆ ತೀರ್ಥಯಾತ್ರೆಯ ಮನಸ್ಸಾಗುತ್ತದೆ. ಇವರಿಗೆ ಶೆಡ್ಡಿನಲ್ಲಿ ಸ್ವಂತ ವಿಮಾನ ಕಟ್ಟುವ ಮನಸ್ಸಾಯಿತು. ಒಬ್ಬರೇ ಕೂರುವಂಥದ್ದು. ಅದಕ್ಕೆ ಪುಣೆಯ ಗುಜರಿಯಿಂದ ಯಾವುದೋ ವಿದೇಶಿ ಕಾರಿನ ರೋಟರಿ ಇಂಜಿನ್ ತಂದರು. ಅದರಲ್ಲಿ ಮೇಲೆ ಕೆಳಗೆ ಓಡಾಡುವ ಪಿಸ್ಟನ್ ಇಲ್ಲ. ಮೂರು ಮೂಲೆಯ ದಪ್ಪ ಬಿಲ್ಲೆಯೊಂದು ಗೂಡಿನೊಳಗೆ ಗರಗರ ತಿರುಗುತ್ತದೆ. ಹಗುರ, ಗಾತ್ರಕ್ಕೆ ಮೀರಿದ ಶಕ್ತಿ, ಶಕ್ತಿಗೆ ತಕ್ಕ ಕಾವು. ಅತಿಯಾಗಿ ಕಾದರೆ ಸೊಟ್ಟಗಾಗಿ ನಿಂತೇಬಿಡುತ್ತದೆ.

“ಪಂಪ್‌ಸೆಟ್ ಆಗಿದ್ರ ಚಿಂತಿ ಇರ್ಲಿಲ್ಲೋ ತಮ್ಮಾ,” ಎನ್ನುತ್ತಿದ್ದರು ಮಾಮಾ. “ತಾನ ಎತ್ತಿದ ಬಾವಿ ನೀರಾಗ ತಾನ ತಣ್ಣಗ ಆಗತೈತಿ. ಮ್ಯಾಲ ಹೋಗುವಾಗ ಬಾವಿ ಕಟಗೊಂಡು ಹೋಗಾಕ ಬರ್ತೈತೇನು?”

ಆ ಪಂಪ್‌ಸೆಟ್ಟುಗಳಿಂದ ಬೆಚ್ಚಗೆ ಬೀಳುವ ನೀರಿನಲ್ಲಿ ನಾನೂ ಚಳಿಗಾಲದಲ್ಲಿ ಎಷ್ಟೋ ಸಲ ಮಿಂದಿದ್ದೇನೆ. ಗೀಜರಿಗೆ ಆ ಸುಖ ಇನ್ನೂ ಬಂದಿಲ್ಲ. ಇರಲಿ. ವಿಮಾನಕ್ಕೆ ಗಾಳಿಯೇ ಗತಿ. ಹೊಟ್ಟೆಯ ಕೆಳಗೆ ತಗಡಿನ ಗೂಡು ಮಾಡಿ, ಮುಂದಿನಿಂದ ಗಾಳಿ ನುಗ್ಗುವಂತೆ ಅದರಲ್ಲಿ ರೇಡಿಯೇಟರ್ ಕೂರಿಸಿದ್ದರು.

ಹೊನವಾಡದ ಹಾದಿಯ ಗಟ್ಟಿ ಬಯಲಿನಲ್ಲಿ ರವಿವಾರಕ್ಕೊಮ್ಮೆ ಇಂಜಿನ್ ಪರೀಕ್ಷೆ. ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ನಿಲ್ಲುವುದು ನನ್ನ ಕೆಲಸ. ಅದರ ಪಿನ್ ಯಾವ ಕಡೆಗೆ ಎಳೆಯಬೇಕೆಂದು ನನಗೆ ಕೊನೆಯವರೆಗೂ ಖಾತ್ರಿಯಿರಲಿಲ್ಲ, ಬ್ಯಾಂಕಿನ ನೌಕರನಾದ ನಾನು ಕೇಳುವುದು ಹೇಗೆ ಎಂಬ ಬಿಗುಮಾನ ಬೇರೆ. ಇಂಜಿನ್ ಜೋರಾಗುತ್ತಲೇ ಕಾವಿನ ಮುಳ್ಳು ಕೆಂಪಿಗೇರುತ್ತಿತ್ತು, ಸಿಹಿ ವಾಸನೆ ಹಬ್ಬುತ್ತಿತ್ತು, ಮಾಮಾ ಬಂದ್ ಮಾಡುತ್ತಿದ್ದರು. ಗೂಡಿನ ಮುಂದಿನ ಬಾಯಿಯನ್ನು ಇನ್ನಷ್ಟು ಅಗಲಿಸುತ್ತಿದ್ದರು. ಮುಂದಿನ ವಾರ ಮತ್ತೆ ಕುದಿತ.

ಇಂಜಿನ್ ಕುದ್ದ ದಿನಗಳಲ್ಲೆಲ್ಲ ಅಕ್ಕ ಶಿರಾ ಮಾಡುತ್ತಿದ್ದಳು, ತುಪ್ಪಕ್ಕೆ ಕೈ ಹಿಡಿಯದೆ. ಗಂಡ ಇವತ್ತೂ ನೆಲದ ಮೇಲೆಯೇ ಉಳಿದರಲ್ಲ ಎಂಬ ಸಮಾಧಾನದ ಶಿರಾ ಅದು. ಅವಳು ಬಾಯಿಬಿಟ್ಟು ಹೇಳಲಿಲ್ಲ, ನಾನು ಕೇಳಲಿಲ್ಲ, ಎರಡನೇ ಸಲ ಹಾಕಿಸಿಕೊಂಡೆ ಅಷ್ಟೆ. ನನಗೂ ಅದೇ ಸಮಾಧಾನ.

ಹೀಗಿರುವಾಗ ಒಂದು ದಿನ ಊಟಕ್ಕೆ ಕುಳಿತ ಮಾಮಾ, “ಪರವಾನಗಿ ಬಂದೈತಿ. ಬರೂ ರವಿವಾರ ಹಾರೂದ,” ಎಂದರು. “ಕಾಯೂದರೊಳಗ ಒಂದ ಸುತ್ತ ಹಾಕಿ ಇಳದಬಿಡ್ತೇನಿ.”

ಅಕ್ಕ ಸೌಟು ಹಿಡಿದವಳು ಹಾಗೇ ನಿಂತಳು. “ಮ್ಯಾಲ ಕಾದು ಬಂದ್ ಬಿದ್ರ?”

“ಎಲ್ಲ್ಯರ ಇಳಸ್ತೇನಿ ಬಿಡು.”

“ಎಲ್ಲಿ? ಮಂದಿ ದ್ರಾಕ್ಷಿ ಪಡದ ತಂತಿ ಮ್ಯಾಲ?”

ಸೌಟು ಕೆಳಗಿಟ್ಟು ನಮ್ಮಿಬ್ಬರನ್ನೂ ಹಿತ್ತಲ ಶೆಡ್ಡಿಗೆ ಕರೆದೊಯ್ದಳು. ವಿಮಾನ ಕಟ್ಟಿದ ಶೆಡ್ಡಲ್ಲ, ಸುಗ್ಗಿಯಲ್ಲಿ ಮಣೂಕ, ಅಂದರೆ ಒಣದ್ರಾಕ್ಷಿ, ತಯಾರಾಗುವ ಶೆಡ್ಡು ಅದು. ಅಲ್ಲಿ ಅವಳದೇ ಕಾರುಬಾರು.

“ಗಾಳಿ ಬರೂ ಕಡೆ ಎಷ್ಟ ತೆರದ್ರೇನ್ರೀ? ಆ ಕಡಿಂದ ಹೋಗಾಕ ಹಾದಿ ಬೇಕಲ್ಲ? ಇರ್ಲಿಲ್ಲಂದ್ರ ಬಿಸಿ ಒಳಗ ಕುಂದರತೈತಿ, ಮಣೂಕ ಕರ್ರಗ ಆಗತಾವ. ನಿಮ್ಮ ಗೂಡಿಗೆ ಮುಂದ ಹಂಡೇದಷ್ಟ ಬಾಯಿ, ಹಿಂದ ತಂಬಗಿ ಬಾಯಷ್ಟ ಕಿಂಡಿ. ಬಾಜೂಕ ಸಂದಿ ಬ್ಯಾರೆ ಬಿಟ್ಟೀರಿ. ಗಾಳಿ ರೇಡಿಯೇಟರ್‌ನ್ಯಾಗ ಯಾಕ ಹಾಯತೈತಿ? ಸಂದೀಲೆ ಸರದ ಹೋಗತೈತಿ.”

ಮಾಮಾ ಶೆಡ್ಡಿನ ಆ ತುದಿಯ ಕಿಂಡಿಗಳವರೆಗೆ ನಡೆದು ಹೋಗಿ ಬಂದರು. “ಇದು ನಿನಗ ಯಾವಾಗ ತಿಳೀತು?”

“ಮದಲನೇ ಸಲ ಕುದ್ದಾಗನ.”

“ಮತ್ತ ಹೇಳಲಿಲ್ಲಲ್ಲ?”

“ಯಾಕ ಹೇಳ್ಲಿ? ತಣ್ಣಗಾದ್ರ ನೀವು ಹಾರ್ತಿದ್ರಿ.” ಸೆರಗಿನಿಂದ ಮುಖ ಒರೆಸಿಕೊಂಡಳು. “ಈಗ ಕಾದಿದ್ದನ್ನ ತಗೊಂಡು ಹಾರ್ತೇನಿ ಅಂತೀರಿ.”

ಮಾಮಾ ಹಾರಾಟ ಮುಂದೂಡಿದರು. ಗೂಡಿನ ಮುಂದಿನ ಬಾಯಿ ಕಿರಿದಾಯಿತು, ಹಿಂದಿನದು ಅಗಲವಾಯಿತು, ಸಂದಿಗಳಿಗೆಲ್ಲ ರಬ್ಬರ್ ಪಟ್ಟಿ ಬಿತ್ತು. ಎಷ್ಟು ಹೊತ್ತು ಓಡಿಸಿದರೂ ಮುಳ್ಳು ನಡುವೆಯೇ ನಿಂತಿತು. ಅವತ್ತು ಮನೆಯಲ್ಲಿ ಶಿರಾ ಇರಲಿಲ್ಲ.

ಹಾರುವ ದಿನ ಅಕ್ಕ ಬಯಲಿಗೆ ಬಂದಳು, ಆದರೆ ಮೇಲೆ ನೋಡಲಿಲ್ಲ. ವಿಮಾನ ಪಡಗಳ ಮೇಲೆ ಸುತ್ತು ಹಾಕುವಷ್ಟು ಹೊತ್ತೂ ನೆಲ ನೋಡುತ್ತ ನನ್ನ ಮುಂಗೈ ಹಿಡಿದಿದ್ದಳು. ಅವಳ ಬಳೆಗಳ ಗುರುತು ಸಂಜೆಯವರೆಗೆ ಇತ್ತು. ಕುಪ್ಪಳಿಸಿಕೊಂಡು ಇಳಿದ ವಿಮಾನ ನಿಂತ ಮೇಲೆ ಗಂಡನ ಕಡೆಗೂ ನೋಡದೆ ನೇರ ಗೂಡಿನ ಹಿಂದೆ ಹೋಗಿ ಕೈಯೊಡ್ಡಿದಳು.

“ಬಿಸಿ ಹೊರಗ ಬರಾಕತ್ತೈತಿ,” ಎಂದವಳೇ ಗೊಳೋ ಎಂದು ಅತ್ತಳು. ಅಷ್ಟು ದಿನ ಅವಳು ಒಳಗೆ ಇಟ್ಟುಕೊಂಡಿದ್ದ ಹೆದರಿಕೆ ನನಗೆ ಕಂಡದ್ದು ಆಗಲೇ. ಆ ದಿನ ಶಿರಾ ಮಾಡಿದವರು ಮಾಮಾ. ಗಂಟುಗಂಟಾಗಿ ತಳ ಹತ್ತಿತ್ತು, ಅಕ್ಕ ಎರಡು ಸಲ ಹಾಕಿಸಿಕೊಂಡಳು.

ಅಂದಿನಿಂದ ಮಾಮಾ ಹಾರಿದಾಗಲೆಲ್ಲ ಇಳಿದ ಕೂಡಲೇ ಅಕ್ಕ ನನಗೆ ಫೋನ್ ಮಾಡುತ್ತಾಳೆ. ಆ ಫೋನೇ ಮೊನ್ನೆ ಬಂದಿರಲಿಲ್ಲ, ಮೂಗಿಗೆ ಮಾತ್ರ ಕುದ್ದ ವಾಸನೆ. ಒಂದು ಕಾಲಕ್ಕೆ ಇದೇ ವಾಸನೆಯಿಂದ ನನಗೂ ಅಕ್ಕನಿಗೂ ಹಾಯೆನಿಸುತ್ತಿತ್ತಲ್ಲ ಎಂದುಕೊಳ್ಳುತ್ತಿರುವಾಗ ಜೇಬು ನಡುಗಿತು. ಮೊಬೈಲನ್ನು ಹೆಲ್ಮೆಟ್ಟಿನೊಳಗೆ ತೂರಿಸಿಕೊಂಡೆ, ನಮ್ಮ ಕಡೆ ಎಲ್ಲರಿಗೂ ಬರುವ ವಿದ್ಯೆ.

“ಇಳದಾರೋ ತಮ್ಮಾ. ಫೋನ್ ಚಾರ್ಜ್ ಇರ್ಲಿಲ್ಲ ನೋಡು. ಮುಳ್ಳು ನಡಕ ಇತ್ತಂತ.”

“ಹೂಂ ಅಕ್ಕಾ,” ಎಂದೆ. ಅಷ್ಟು ಹೊತ್ತು ಹಿಡಿದಿದ್ದ ಉಸಿರು ಒಮ್ಮೆಲೇ ಬಿದ್ದು ಹೆಲ್ಮೆಟ್ಟಿನ ಗಾಜೆಲ್ಲ ಮಸುಕಾಯಿತು. ಮುಂದೆ ಜೀಪು ಹೊರಟಿರಬೇಕು, ಹಿಂದಿನವರು ನನಗೇ ಹಾರ್ನ್ ಹೊಡೆಯುತ್ತಿದ್ದರು. ನಾನು ಅವಸರ ಮಾಡಲಿಲ್ಲ. ಗಾಜನ್ನು ಪೂರ್ತಿ ಮೇಲಕ್ಕೆತ್ತಿ, ಒಳಗಿನ ಬಿಸಿಯನ್ನೆಲ್ಲ ಹೊರಗೆ ಬಿಟ್ಟು, ಆಮೇಲೆ ಸ್ಕೂಟರ್ ಚಾಲೂ ಮಾಡಿದೆ.